ಬ್ರೆಝಾ, ನೆಕ್ಸಾನ್ ಮತ್ತು ನಮ್ಮ ಬೇಸ್‌ಮೆಂಟಿನ ಏರು

ಕಾರು ಮನೆಗೆ ಬಂದು ಆರು ತಿಂಗಳಾಯಿತು. ಒಂಬತ್ತು ಸಾವಿರ ಕಿಲೋಮೀಟರ್ ಹತ್ತಿರ ಓಡಿದೆ. ಹೋದ ವಾರ ಒಬ್ಬಳೇ ಚಾರ್ಮಾಡಿ ಘಾಟಿ ಹತ್ತಿ ಮೂಡಿಗೆರೆಗೆ ಹೋಗಿ ಬಂದೆ. ಎರಡರಲ್ಲಿ ಇದನ್ನೇ ಹೇಗೆ ಆರಿಸಿದೆ ಅಂತ ಇನ್ನು ಬರೆಯಬಹುದು ಅನ್ನಿಸಿತು. ಮೊದಲೇ ಬರೆದಿದ್ದರೆ ನಮ್ಮ ಭಾವ ಓದಿ ನಗುತ್ತಿದ್ದರು.

ಮಂಗಳೂರಿನಲ್ಲಿ ಗಾಡಿ ಓಡಿಸುವವರಿಗೆ ಏರಿನ ಕಥೆ ಹೇಳಬೇಕಾಗಿಲ್ಲ. ನಮ್ಮ ಅಪಾರ್ಟ್‌ಮೆಂಟ್ ಕದ್ರಿ ಕಡೆ ಇದೆ. ಬೇಸ್‌ಮೆಂಟಿನಿಂದ ಮೇಲೆ ಬರುವ ಏರು ಕಡಿದಾಗಿದೆ, ಅದರ ತುದಿಯಲ್ಲೇ ಎಡಕ್ಕೆ ತಿರುವು, ಎದುರಿಗೆ ಪಕ್ಕದ ಮನೆಯ ಕಾಂಪೌಂಡ್. ಮಳೆಗಾಲದಲ್ಲಿ ಕಾಂಕ್ರೀಟಿನ ಮೇಲೆ ಪಾಚಿ ಬೇರೆ. ಮೂರು ವರ್ಷದ ಹಿಂದೆ ಅಲ್ಲೇ ನನ್ನ ಹಳೇ ಸಣ್ಣ ಕಾರು ಹಿಂದಕ್ಕೆ ಜಾರಿ ಹಿಂದಿದ್ದ ಸ್ಕೂಟರ್ ಬೀಳಿಸಿತು. ಯಾರಿಗೂ ಏನೂ ಆಗಲಿಲ್ಲ. ಸುಮಾರು 3,800 ರೂಪಾಯಿ ಕೊಟ್ಟು ಮುಗಿಸಿದೆವು. ಆದರೆ ಕಾಲಿಗೆ ಹೆದರಿಕೆ ಕೂತುಬಿಟ್ಟಿತು. ಕ್ಲಚ್ ಬಿಡುವಾಗ ಎಡಗಾಲು ನಡುಗುತ್ತಿತ್ತು. ಆಮೇಲೆ ಎರಡು ವರ್ಷ ಬಸ್ಸು, ರಿಕ್ಷಾ. ರಿಕ್ಷಾಕ್ಕೇ ತಿಂಗಳಿಗೆ ಮೂರು ಮೂರೂವರೆ ಸಾವಿರ ಹೋಗುತ್ತಿತ್ತು.

ಹೊಸ ಕಾರು ಅಂತ ಮಾತು ಬಂದಾಗ ಕೊನೆಗೆ ಎರಡೇ ಹೆಸರು ಉಳಿದವು. ಮಾರುತಿಯ ಬ್ರೆಝಾ ಮತ್ತು ಟಾಟಾದ ನೆಕ್ಸಾನ್, ಎರಡೂ ಪೆಟ್ರೋಲ್, ಎರಡೂ ಮ್ಯಾನುಯಲ್. ಆಟೋಮ್ಯಾಟಿಕ್ ತಗೋ ಅಂತ ಹತ್ತು ಜನ ಹೇಳಿದರು. ತಗೋಬಹುದಿತ್ತು, ಆದರೆ ನನಗೆ ನನ್ನ ಕಾಲನ್ನೇ ಸರಿ ಮಾಡಿಕೊಳ್ಳಬೇಕಿತ್ತು. ಹಟ ಅಂದ್ಕೊಳ್ಳಿ.

ಭಾವ ನೆಕ್ಸಾನ್ ಪಕ್ಷ. "ಐದು ಸ್ಟಾರ್ ಇದೆ, ಮತ್ತೇನು ನೋಡ್ಲಿಕ್ಕುಂಟು ಮಾರಾಯ್ತಿ?" ಅವರ ಮಾತಿನಲ್ಲಿ ತಪ್ಪಿಲ್ಲ. ಕಾರು ಗುದ್ದಿಸಿ ಸುರಕ್ಷತೆ ಅಳೆಯುವ ಗ್ಲೋಬಲ್ ಎನ್‌ಸಿಎಪಿ ಪರೀಕ್ಷೆಯಲ್ಲಿ 2018ರಲ್ಲೇ ಐದು ಸ್ಟಾರ್ ತಂದ ಮೊದಲ ಭಾರತೀಯ ಕಾರು ಅದು. ಹೊಸ ರೂಪದಲ್ಲೂ 2024ರಲ್ಲಿ ಐದೇ ಬಂತು. ಅದೇ 2018ರಲ್ಲಿ ಹಳೇ ಬ್ರೆಝಾಕ್ಕೆ ಬಂದಿದ್ದು ನಾಲ್ಕು. ನಮ್ಮನೆಯವರು ಬ್ರೆಝಾ ಪಕ್ಷ, ಮರುಮಾರಾಟದ ಲೆಕ್ಕ. ಇಬ್ಬರೂ ಕಾಗದದ ಮೇಲೆ ಜಗಳ ಆಡುತ್ತಿದ್ದರು. ಕಾಗದದಲ್ಲಿ ಏನಿದೆ? ಉದ್ದ ಎರಡರದ್ದೂ 3,995 ಮಿಲಿಮೀಟರ್. ತೆರಿಗೆಗೋಸ್ಕರ ನಾಲ್ಕು ಮೀಟರಿಗೆ ಐದು ಮಿಲಿಮೀಟರ್ ಕಮ್ಮಿ ಇಟ್ಟಿದ್ದಾರೆ, ಅಷ್ಟೇ.

ಶೋರೂಮಿನ ಟೆಸ್ಟ್ ಡ್ರೈವ್‌ನಲ್ಲಿ ಹದಿನೈದು ನಿಮಿಷ ಸಪಾಟು ರಸ್ತೆಯಲ್ಲಿ ಓಡಿಸಿದೆ. ಪಕ್ಕದಲ್ಲಿ ಕೂತ ಹುಡುಗ ಹಾಡು ಹಾಕಿ ಸ್ಪೀಕರ್ ತೋರಿಸಿದ. ನಮ್ಮ ಏರಿಗೆ ತಗೊಂಡು ಹೋಗೋಣ ಅಂದರೆ "ರೂಟ್ ಫಿಕ್ಸ್ ಮೇಡಂ" ಅಂದ. ಅವತ್ತೇ ಎರಡನ್ನೂ ಬಾಡಿಗೆಗೆ ತರಬೇಕು ಅಂತ ತೀರ್ಮಾನ ಮಾಡಿದೆ. ಕಪ್ಪು ಪ್ಲೇಟಿನ ಮೇಲೆ ಹಳದಿ ಅಕ್ಷರದ ಸೆಲ್ಫ್ ಡ್ರೈವ್ ಗಾಡಿಗಳು ಇವೆಯಲ್ಲ, ಅವು. ದಿನಕ್ಕೆ ಎರಡೂವರೆಯಿಂದ ಮೂರು ಸಾವಿರ, ಡೆಪಾಸಿಟ್ ಬೇರೆ. ಒಂದೊಂದನ್ನೂ ಎರಡೆರಡು ದಿನ, ಅದೇ ದಾರಿ, ಅದೇ ಹೊತ್ತು. ಕಳೆದ ವರ್ಷ ಆಗಸ್ಟ್ ಮೊದಲಲ್ಲಿ, ಮಳೆ ಇರುವಾಗಲೇ.

ಮೊದಲ ದಿನವೇ ಎಡವಟ್ಟು. ನನ್ನ ಎತ್ತರ ಐದು ಅಡಿ ಒಂದು ಇಂಚು. ಬಾನೆಟ್ ಮುಂದೆ ನೆಲ ಎಲ್ಲಿಂದ ಕಾಣುತ್ತೆ ಅನ್ನುವುದೇ ನನಗೆ ಮುಖ್ಯ. ಅದಕ್ಕೆ ಬಚ್ಚಲಿನ ಕೆಂಪು ಪ್ಲಾಸ್ಟಿಕ್ ಸ್ಟೂಲ್ ತಂದು ಬಂಪರಿನ ಮುಂದಿಟ್ಟು, ನಮ್ಮನೆಯವರು ಅದನ್ನು ಅರ್ಧರ್ಧ ಅಡಿ ದೂರ ಸರಿಸಿದ ಹಾಗೆ, ಮೇಲ್ಭಾಗ ನನಗೆ ಕಂಡ ಕೂಡಲೇ "ಸಾಕು" ಅನ್ನುವುದು, ಅಲ್ಲಿಗೆ ಸೀಮೆಸುಣ್ಣದ ಗೆರೆ ಎಳೆಯುವುದು. ವಾಚ್‌ಮನ್ ನೋಡ್ತಾ ನಿಂತಿದ್ದ. ಅರ್ಧ ದಿನ ಎರಡೆರಡು ಸಲ ಅಳೆದ ಮೇಲೆ ಗೊತ್ತಾಯಿತು, ಸೀಟು ಪೂರ್ತಿ ಕೆಳಗಿತ್ತು! ಮಾಡಿದ್ದೆಲ್ಲ ದಂಡ. ಮತ್ತೆ ಸೀಟು ಎತ್ತಿ ಅಳೆದಾಗ ಬ್ರೆಝಾದಲ್ಲಿ ಏಳೂವರೆ ಅಡಿ, ಆಮೇಲೆ ನೆಕ್ಸಾನ್‌ನಲ್ಲಿ ಎಂಟೂಮುಕ್ಕಾಲು ಅಡಿ ಹತ್ತಿರ ಬಂತು. ಬ್ರೆಝಾದ ಬಾನೆಟ್ ಚಪ್ಪಟೆ, ಅದರ ಅಂಚು ಕಣ್ಣಿಗೆ ಬೀಳುತ್ತೆ. ಹಿಂದಿನ ಗಾಜಿನಲ್ಲೂ ನನಗೆ ಅದರಲ್ಲೇ ಜಾಸ್ತಿ ಕಂಡಿತು. ನಮ್ಮನೆಯವರು ಐದು ಹತ್ತು, ಅವರು ಕೂತಾಗ ಎರಡು ಗಾಡಿಗೂ ವ್ಯತ್ಯಾಸವೇ ಇಲ್ಲ. ಹಾಗಾಗಿ ನನ್ನ ಅಳತೆ ನಿಮಗೆ ಬೇಡ, ಸ್ಟೂಲ್ ಮಾತ್ರ ತಗೊಳ್ಳಿ.

ಆಮೇಲೆ ಏರು. ಏರಿನ ಅರ್ಧದಲ್ಲಿ ನಿಲ್ಲಿಸಿ, ಹಿಂದಿನ ಟೈರಿನ ಬುಡಕ್ಕೆ ಸೀಮೆಸುಣ್ಣದ ಗೆರೆ. ಹ್ಯಾಂಡ್‌ಬ್ರೇಕ್ ಮುಟ್ಟದೆ ಹತ್ತು ಸಲ ಎತ್ತುವುದು, ಗೆರೆಯಿಂದ ಎಷ್ಟು ಹಿಂದೆ ಜಾರಿತು ನೋಡುವುದು. ಎರಡರಲ್ಲೂ ಹಿಲ್ ಹೋಲ್ಡ್ ಇತ್ತು. ಬ್ರೇಕಿನಿಂದ ಕಾಲು ತೆಗೆದರೂ ಎರಡು ಸೆಕೆಂಡಿನಷ್ಟು ಗಾಡಿ ಹಿಡಿದು ನಿಲ್ಲುತ್ತೆ. ಎಲ್ಲರೂ ಅಷ್ಟಕ್ಕೇ ಖುಷಿಪಡುತ್ತಾರೆ. ನನಗೆ ಬೇಕಿದ್ದದ್ದು ಮೂರನೇ ಸೆಕೆಂಡು. ಹೆದರಿದವರು ಎರಡು ಸೆಕೆಂಡಿನಲ್ಲಿ ಏನೂ ಮಾಡಲ್ಲ, ಸುಮ್ನೆ ಗಟ್ಟಿಯಾಗಿ ಸ್ಟಿಯರಿಂಗ್ ಹಿಡ್ಕೊಂಡು ಕೂತಿರುತ್ತಾರೆ. ಅದಕ್ಕೆ ಬೇಕಂತಲೇ ಒಂದು, ಎರಡು, ಮೂರು ಎಣಿಸಿ ಕ್ಲಚ್ ಬಿಟ್ಟೆ.

ಬ್ರೆಝಾದಲ್ಲಿ ಹತ್ತರಲ್ಲಿ ಎಂಟು ಸಲ ಗೆರೆ ದಾಟಿದ್ದು ಒಂದು ಗೇಣಿಗಿಂತ ಕಮ್ಮಿ, ಇಂಜಿನ್ ಒಮ್ಮೆಯೂ ಆಫ್ ಆಗಲಿಲ್ಲ. ನೆಕ್ಸಾನ್‌ನಲ್ಲಿ ನಾಲ್ಕು ಸಲ ಆಫ್ ಮಾಡಿದೆ. ಭಾವನಿಗೆ ಹೇಳಿದರೆ "ಅದು ನಿನ್ನ ಕಾಲು" ಅಂದರು. ಸ್ವಲ್ಪ ನಿಜ. ನೆಕ್ಸಾನ್‌ನ ಟರ್ಬೊ ಇಂಜಿನ್ನಿಗೆ ಮೊದಲು ಸ್ವಲ್ಪ ಜಾಸ್ತಿ ಆಕ್ಸಿಲರೇಟರ್ ಕೊಟ್ಟು ಎಬ್ಬಿಸಬೇಕು, ಬ್ರೆಝಾದ ಟರ್ಬೊ ಇಲ್ಲದ 1.5 ಲೀಟರಿನದ್ದು ಕೆಳಗಿನಿಂದಲೇ ನಿಧಾನಕ್ಕೆ ಎಳೆಯುತ್ತೆ. ಆದರೆ ಇನ್ನೊಂದು ಸಂಶಯ ಬಂತು. ನನಗೆ ಕೊಟ್ಟ ಆ ನೆಕ್ಸಾನ್‌ನ ಕ್ಲಚ್ ತುಂಬಾ ಮೇಲೆ ಹಿಡಿಯುತ್ತಿತ್ತು. ಬಾಡಿಗೆ ಗಾಡಿ, ಎಷ್ಟು ಜನ ಸವೆಸಿದ್ದಾರೋ. ಹಾಗಾಗಿ ಬೇರೆಯವರಿಂದ ಇನ್ನೊಂದು ನೆಕ್ಸಾನ್ ತಂದೆ, ಮತ್ತೆ 2,800. ಅದರಲ್ಲಿ ಹತ್ತಕ್ಕೆ ಒಂದು ಸಲ ಮಾತ್ರ ಆಫ್ ಆಯಿತು. ಮೊದಲ ಲೆಕ್ಕವನ್ನೇ ನಂಬಿದ್ದರೆ ಒಳ್ಳೇ ಗಾಡಿಗೆ ಸುಮ್ನೆ ಕೆಟ್ಟ ಹೆಸರು ಕೊಟ್ಟ ಹಾಗಾಗುತ್ತಿತ್ತು.

ಕ್ಲಚ್ ಪೆಡಲಿನ ಮೇಲೆ ಹಿಮ್ಮಡಿ ಎಲ್ಲಿಡಬೇಕು ಅನ್ನುವ ಒಂದು ಉಪಾಯ ಈ ನಲವತ್ತು ಚಿಲ್ಲರೆ ಸಲದಲ್ಲಿ ಸಿಕ್ಕಿತು. ಅದನ್ನು ಬರೆಯಲ್ಲ. ಓದಿ ಬರುವಂಥದ್ದಲ್ಲ, ತಪ್ಪಾಗಿ ಮಾಡಿದರೆ ಕ್ಲಚ್ ಪ್ಲೇಟ್ ಬಿಲ್ಲು ನನ್ನ ಹೆಸರಿಗೆ ಬರುತ್ತೆ. ಚಪ್ಪಲಿ ಬಗ್ಗೆ ಮಾತ್ರ ಹೇಳ್ತೇನೆ. ದಪ್ಪ ಅಟ್ಟೆಯ ಚಪ್ಪಲಿಯಲ್ಲಿ ಹತ್ತಕ್ಕೆ ಆರು ಸಲ ಕೆಟ್ಟರೆ, ಮಗನ ಕ್ಯಾನ್ವಾಸ್ ಶೂ ಹಾಕಿದಾಗ ಒಂದೂ ಕೆಡಲಿಲ್ಲ.

ಕೈ ಸುಮ್ಮನಿರದೆ ರಿವರ್ಸ್ ಸೆನ್ಸರ್ ಕೂಡ ನೋಡಿದೆ. ಹಿಂದೆ ಒಂದು ತೆಂಗಿನಕಾಯಿ ಇಟ್ಟೆ. ಎರಡು ಗಾಡಿಯೂ ಬೀಪ್ ಅನ್ನಲಿಲ್ಲ, ಕಾಯಿ ಅಷ್ಟು ತಗ್ಗಿನಲ್ಲಿರುತ್ತೆ. ಹಿಡಿಸೂಡಿ ನಿಲ್ಲಿಸಿದರೆ ತೀರಾ ಹತ್ತಿರ ಬಂದ ಮೇಲೆ ಕೂಗಿತು. ಅಗಲ ಬಕೆಟ್ಟಿಗೆ ಸರಿಯಾಗಿ ಕೂಗುತ್ತೆ. ಅಂದರೆ ಬೀಪ್ ನಂಬಿ ಹಿಂದೆ ಬರಬೇಡಿ. ಅತ್ತೆ ಆ ಕಾಯಿಯನ್ನು ಸಂಜೆ ಚಟ್ನಿಗೆ ಒಡೆದರು.

ಎರಡನೇ ದಿನ ಚಾರ್ಮಾಡಿ. ಐದು ಜನ, ಮಂಜು, ಮಳೆ. ಇಲ್ಲಿ ನೆಕ್ಸಾನ್ ಗೆದ್ದಿತು, ಒಪ್ಪಿಕೊಳ್ಳಬೇಕು. ಅದರ ಟಾರ್ಕ್, ಅಂದರೆ ಇಂಜಿನ್ನಿನ ಎಳೆಯುವ ಬಲ, 170 ಎನ್‌ಎಂ, ಬ್ರೆಝಾದ್ದು 137 ಆಸುಪಾಸು. ಸಂಖ್ಯೆ ಓದಿದರೆ ಏನೂ ಅನ್ನಿಸಲ್ಲ, ಬಸ್ಸಿನ ಹಿಂದೆ ಮೂರನೇ ಗೇರಿನಲ್ಲಿ ಇರುವಾಗ ಅನ್ನಿಸುತ್ತೆ. ನೆಕ್ಸಾನ್ ಮೂರರಲ್ಲೇ ಎದ್ದು ಹೋಯಿತು, ಬ್ರೆಝಾದಲ್ಲಿ ಎರಡಕ್ಕೆ ಇಳಿಸಬೇಕು, ಇಂಜಿನ್ ಕಿರುಚುತ್ತೆ. ತಿರುವಿನಲ್ಲಿ ಕೂರುವ ಗಟ್ಟಿತನವೂ ನೆಕ್ಸಾನ್‌ನಲ್ಲೇ ಜಾಸ್ತಿ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿನ್ನುತ್ತಾ ಮಗ ನೆಕ್ಸಾನ್ ಪಕ್ಷಕ್ಕೆ ಹೋದ. ಆದರೆ ನಾನು ಘಾಟಿಗೆ ಹೋಗುವುದು ವರ್ಷಕ್ಕೆ ಆರೇಳು ಸಲ, ಬೇಸ್‌ಮೆಂಟಿನ ಏರು ದಿನಕ್ಕೆ ಎರಡು ಸಲ.

ಟ್ಯಾಂಕ್ ಟು ಟ್ಯಾಂಕ್ ಮೈಲೇಜು, ಊರು ಘಾಟಿ ಎಲ್ಲ ಸೇರಿ, ಬ್ರೆಝಾ ಹದಿನೈದರ ಹತ್ತಿರ, ನೆಕ್ಸಾನ್ ಹದಿಮೂರು ಚಿಲ್ಲರೆ. ಬಾಡಿಗೆ, ಪೆಟ್ರೋಲು ಸೇರಿ ನನ್ನ ಖರ್ಚು ಹದಿನೇಳು ಸಾವಿರ ದಾಟಿತು. "ಆ ದುಡ್ಡಿಗೆ ಸೀಟ್ ಕವರ್, ಮ್ಯಾಟ್ ಎಲ್ಲ ಬರ್ತಿತ್ತು" ಅಂತ ಭಾವ ತಿಂಗಳುಗಟ್ಟಲೆ ಹೇಳಿದರು.

ಬುಕ್ ಮಾಡಬೇಕು ಅನ್ನುವಷ್ಟರಲ್ಲಿ ಆಗಸ್ಟ್ 15ರ ಪ್ರಧಾನಿ ಭಾಷಣದಲ್ಲಿ ಜಿಎಸ್‌ಟಿ ಇಳಿಸುವ ಮಾತು ಬಂತು. ಕಾದೆ. ಸೆಪ್ಟೆಂಬರ್ 22ರಿಂದ ಹೊಸ ದರ. ಇಲ್ಲಿ ಭಾವನಿಗೆ ಹಬ್ಬ. ನೆಕ್ಸಾನ್ ಪೆಟ್ರೋಲ್ 1,200 ಸಿಸಿ ಒಳಗೆ, ಸೆಸ್ ಸೇರಿ 29 ಇದ್ದದ್ದು 18 ಶೇಕಡಾಕ್ಕೆ ಇಳಿಯಿತು. ಬ್ರೆಝಾದ್ದು 1,462 ಸಿಸಿ, 45ರಿಂದ 40ಕ್ಕೆ ಮಾತ್ರ. ನೆಕ್ಸಾನ್‌ಗೆ ಹೋಲಿಸಿದರೆ ನನ್ನ ಆಯ್ಕೆ ಕಣ್ಣೆದುರೇ ದುಬಾರಿಯಾಯಿತು. ಎರಡು ರಾತ್ರಿ ನಿದ್ದೆ ಬರಲಿಲ್ಲ. ಕೊನೆಗೆ ಸೀಮೆಸುಣ್ಣದ ಗೆರೆಯನ್ನೇ ನಂಬಿ ಬ್ರೆಝಾವನ್ನೇ ಬುಕ್ ಮಾಡಿದೆ.

ಮಾಡೆಲ್ ಆರಿಸುವಾಗ ಹತ್ತು ಲಕ್ಷದ ಗೆರೆ ದಾಟಲಿಲ್ಲ. ಕರ್ನಾಟಕದಲ್ಲಿ ಐದರಿಂದ ಹತ್ತು ಲಕ್ಷದ ಒಳಗೆ ರೋಡ್ ಟ್ಯಾಕ್ಸ್ 14 ಶೇಕಡಾ, ಹತ್ತು ದಾಟಿದರೆ 17, ಎರಡಕ್ಕೂ ಆ ಟ್ಯಾಕ್ಸಿನ ಮೇಲೆ 11 ಶೇಕಡಾ ಸೆಸ್. ಗೆರೆ ದಾಟಿದ್ದಕ್ಕೇ ಮೂವತ್ತಮೂರು ಸಾವಿರ ಹೋಗುತ್ತೆ. ಸನ್‌ರೂಫ್ ಬೇಕು ಅಂತ ಮಗ ಅತ್ತ, ಕೊಡಲಿಲ್ಲ. ಇನ್ಶೂರೆನ್ಸ್ ಶೋರೂಮಿನಲ್ಲಿ ಐವತ್ತೆರಡು ಸಾವಿರ ಅಂದರು, ಹೊರಗೆ ಮೂವತ್ತೆಂಟಕ್ಕೆ ಮಾಡಿಸಿದೆ. ಹ್ಯಾಂಡ್ಲಿಂಗ್ ಚಾರ್ಜ್ ಅಂತ ಬರೆದದ್ದನ್ನು ಹೊಡೆದು ಹಾಕಿಸಿದೆ. ಮ್ಯಾನೇಜರ್ ಹತ್ತಿರ ಯಾವ ದಿನ ಹೋಗಿ ಏನು ಹೇಳಿದೆ ಅನ್ನುವುದು ನನ್ನ ಹತ್ತಿರವೇ ಇರಲಿ, ತಂಗಿಗೆ ಕಾರು ತಗೊಳ್ಳಲಿಕ್ಕಿದೆ. ಆನ್ ರೋಡ್ ಹನ್ನೊಂದೂವರೆ ಲಕ್ಷದ ಆಸುಪಾಸು ಆಯಿತು. ಬಾಡಿಗೆಯ ಹದಿನೇಳು ಸಾವಿರ ಅಲ್ಲಿಯೇ ವಾಪಸ್ ಬಂತು, ಭಾವ ಒಪ್ಪಲ್ಲ ಅಷ್ಟೇ.

ಐದು ಸ್ಟಾರ್ ವಿಷಯ ಈಗಲೂ ಮನಸ್ಸಿನಲ್ಲಿ ಕುಟುಕುತ್ತೆ, ಸುಳ್ಳು ಹೇಳಲ್ಲ. ಆದರೆ ಮೊನ್ನೆ ಮಳೆ ಬಂದ ಸಂಜೆ ಏರಿನ ಅರ್ಧದಲ್ಲಿ ಮೇಲಿನಿಂದ ಒಂದು ನೀರಿನ ಟ್ಯಾಂಕರ್ ಅಡ್ಡ ನಿಂತಿತ್ತು, ಹಿಂದೆ ಮೂರು ಗಾಡಿ, ಹಾರ್ನೋ ಹಾರ್ನು. ಎಡಗಾಲು ನಡುಗುತ್ತಾ ಅಂತ ನೋಡಿಕೊಂಡೆ. ಇಲ್ಲ. ಟ್ಯಾಂಕರ್ ಸರಿದ ಮೇಲೆ ಎತ್ತಿಕೊಂಡು ಬಂದೆ.

ಎಡಗಡೆ ಬಂಪರಿನಲ್ಲಿ ಒಂದು ಗೀರು ಇದೆ. ಅದು ನಾನಲ್ಲ, ನಮ್ಮನೆಯವರು.