ಸೇರಿದ ಮಕ್ಕಳು ಎಲ್ಲಿ ಹೋದರು? ಅಡ್ಮಿಷನ್ ಪುಸ್ತಕದಿಂದ ಲೆಕ್ಕ ತೆಗೆಯುವ ಕ್ರಮ

ಕಾಸರಗೋಡು ಜಿಲ್ಲೆಯ ಒಂದು ಕಾಲೇಜಿನ ಆಫೀಸಿನಲ್ಲಿ ಅಡ್ಮಿಷನ್ ಸೆಕ್ಷನ್ ನನ್ನದು. ಮನೆ ಪೆರ್ಲದ ಹತ್ತಿರ. ಮನೆಯಲ್ಲಿ ತುಳು, ಶಾಲೆಯಲ್ಲಿ ಕಲಿತದ್ದು ಕನ್ನಡ, ಆಫೀಸಿನ ಫೈಲು ಮಲಯಾಳ, ಯೂನಿವರ್ಸಿಟಿಯ ಪೋರ್ಟಲ್ ಇಂಗ್ಲಿಷ್. ಅಡ್ಮಿಷನ್ ಸಮಯದಲ್ಲಿ ನಾಲ್ಕೂ ಒಟ್ಟಿಗೆ ಬೇಕು.

ಬಂದವರು ಸಾಮಾನ್ಯವಾಗಿ ಕೇಳುವುದು, "ನಿಮ್ಮಲ್ಲಿ ರಿಸಲ್ಟ್ ಹೇಗೆ ಮೇಡಂ?" ಅಂತ. ಬೋರ್ಡಿನಲ್ಲಿದ್ದ ಶೇಕಡಾ ಲೆಕ್ಕ ಹೇಳಿ ಕಳಿಸುತ್ತಿದ್ದೆ. ಒಂದು ವರ್ಷ ಬದಿಯಡ್ಕ ಕಡೆಯ ಒಬ್ಬರು ಬೇರೆ ರೀತಿ ಕೇಳಿದರು. "ನಮ್ಮ ಊರಿಂದ ಐದು ಮಕ್ಕಳು ನಿಮ್ಮಲ್ಲಿಗೆ ಬಂದಿದ್ದರಲ್ಲ, ಅದರಲ್ಲಿ ಎಷ್ಟು ಜನ ಮುಗಿಸಿದ್ದಾರೆ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಅಡ್ಮಿಷನ್ ರಿಜಿಸ್ಟರ್ ಮೇಜಿನ ಮೇಲೆಯೇ ಇತ್ತು, ಮಾರಾಯ್ರೆ! ಅವತ್ತಿನಿಂದ ಈ ಲೆಕ್ಕ ಇಡುತ್ತಿದ್ದೇನೆ. ನಿಮ್ಮ ಕಾಲೇಜಿನಲ್ಲೂ ಇಡಬಹುದು. ಒಂದು ಕಂಪ್ಯೂಟರ್, ಲಿಬ್ರೆ ಆಫೀಸೋ ಎಕ್ಸೆಲ್ಲೋ ಯಾವುದೋ ಒಂದು, ಮತ್ತು ಎರಡು ವಾರದ ತಾಳ್ಮೆ ಸಾಕು.

ಮೊದಲು ಭಾಗಿಸುವ ಸಂಖ್ಯೆ ಸರಿ ಮಾಡಿಕೊಳ್ಳಿ. ಒಂದು ಉದಾಹರಣೆ ಇಟ್ಟುಕೊಳ್ಳೋಣ. ಒಂದು ಕೋರ್ಸಿನಲ್ಲಿ 60 ಸೀಟು. ಸೇರಿದವರು 48. ಕೊನೆಯ ಸೆಮಿಸ್ಟರ್ ಪರೀಕ್ಷೆಗೆ ಕೂತವರು 36. ಪಾಸಾದವರು 30. ಕೂತವರ ಲೆಕ್ಕದಲ್ಲಿ 83 ಶೇಕಡಾ. ಬೋರ್ಡಿಗೆ ಹೋಗುವುದು ಅದೇ. ಸೇರಿದವರ ಲೆಕ್ಕದಲ್ಲಿ ಅದು 62.5 ಆಗುತ್ತದೆ. ಸೀಟಿನ ಲೆಕ್ಕದಲ್ಲಿ ನೋಡಿದರೆ ಅರ್ಧ. ಮೂರೂ ಸತ್ಯವೇ. ಆದರೆ ಅಪ್ಪ ಅಮ್ಮಂದಿರು ಕೇಳುವುದು ಎರಡನೆಯದನ್ನು. ನಡುವೆ ಬಿಟ್ಟುಹೋದ 12 ಮಕ್ಕಳು ಮೊದಲನೆಯ ಲೆಕ್ಕದಲ್ಲಿ ಹುಟ್ಟಿಯೇ ಇಲ್ಲ. ನಮಗೆ ಬೇಕಾದವರು ಅವರೇ ಅಲ್ವಾ?

ಈಗ ಹಾಳೆ ಮಾಡುವುದು. ಒಂದು ಮಗುವಿಗೆ ಒಂದು ಸಾಲು. ಮೊದಲ ಕಾಲಂನಲ್ಲಿ ಅಡ್ಮಿಷನ್ ನಂಬರ್. ಹೆಸರನ್ನು ನಂಬಬೇಡಿ. ನಮ್ಮ ಕಡೆ ಒಂದೇ ಫಾತಿಮಾ ಪ್ಲಸ್ ಟು (ಹನ್ನೆರಡನೆಯ ತರಗತಿ) ಸರ್ಟಿಫಿಕೇಟಿನಲ್ಲಿ ಒಂದು ಸ್ಪೆಲ್ಲಿಂಗ್, ಆಧಾರಿನಲ್ಲಿ ಇನ್ನೊಂದು, ಪರೀಕ್ಷೆಯ ಪಟ್ಟಿಯಲ್ಲಿ ಮೂರನೆಯದು. ಇನಿಷಿಯಲ್ ಕೆಲವು ಕಡೆ ಹಿಂದೆ, ಕೆಲವು ಕಡೆ ಮುಂದೆ. ಮೊಬೈಲ್ ನಂಬರ್ ಅಪ್ಪನದ್ದು, ಅಪ್ಪ ಗಲ್ಫಿನಲ್ಲಿ. ಹಾಗಾಗಿ ಅಡ್ಮಿಷನ್ ನಂಬರಿನ ಪಕ್ಕದಲ್ಲೇ ಯೂನಿವರ್ಸಿಟಿಯ ರಿಜಿಸ್ಟರ್ ನಂಬರ್ ಬರೆದು, ಎರಡನ್ನೂ ಗಂಟು ಹಾಕಿ.

ಆಮೇಲೆ ಹೆಸರು, ಊರು, ಸೇರಿದ ತಾರೀಕು, ಕೋರ್ಸು, ಯೂನಿವರ್ಸಿಟಿ ಸುತ್ತು ಸುತ್ತಾಗಿ ಸೀಟು ಹಂಚುವಾಗ ಎಷ್ಟನೆಯ ಅಲಾಟ್‌ಮೆಂಟಿನಲ್ಲಿ ಬಂದದ್ದು, ಪ್ಲಸ್ ಟು ಅಂಕ, ಹತ್ತನೆಯವರೆಗೆ ಯಾವ ಮಾಧ್ಯಮ, ಒಂದೊಂದು ಸೆಮಿಸ್ಟರಿಗೆ ಒಂದೊಂದು ಫಲಿತಾಂಶದ ಕಾಲಂ, ಬಿಟ್ಟ ತಾರೀಕು, ಬಿಟ್ಟ ಕಾರಣ. ಇಷ್ಟೇ. ಮೂವತ್ತು ಕಾಲಂ ಮಾಡಿದರೆ ತುಂಬಿಸುವವರು ಯಾರೂ ಇರುವುದಿಲ್ಲ, ನನಗೆ ಗೊತ್ತುಂಟು.

ಒಂದು ಎಚ್ಚರಿಕೆ. ಸಾರ್ಟ್ ಮಾಡುವಾಗ ಇಡೀ ಹಾಳೆ ಆಯ್ಕೆ ಮಾಡಿ. ನಾನು ಒಮ್ಮೆ ಅಂಕದ ಕಾಲಂ ಒಂದನ್ನೇ ಸಾರ್ಟ್ ಮಾಡಿಬಿಟ್ಟೆ. ಎಲ್ಲರ ಅಂಕವೂ ಬೇರೆಯವರ ಹೆಸರಿನ ಎದುರು ಹೋಗಿ ಕೂತಿತು. ತರಗತಿಗೇ ಮೊದಲು ಬರುವ ಹುಡುಗಿಯನ್ನು ವಿಶೇಷ ಪಾಠಕ್ಕೆ ಕರೆಸಿದೆ. ಅವಳು ಏನೂ ಹೇಳದೆ ಬಂದು ಕೂತಿದ್ದಳು, ಪಾಪ.

ಬಿಟ್ಟ ಕಾರಣದ ಕಾಲಂ ತುಂಬ ಮುಖ್ಯ, ತುಂಬ ಸುಳ್ಳು ಕೂಡ. ಟಿ.ಸಿ. ಅರ್ಜಿಯಲ್ಲಿ ಹೆಚ್ಚಿನವರು ಬರೆಯುವುದು "ಉನ್ನತ ವ್ಯಾಸಂಗಕ್ಕಾಗಿ" ಅಂತ. ಮೊದಲ ಸೆಮಿಸ್ಟರಿನಲ್ಲಿ ಮೂರು ಪೇಪರ್ ಹೋದವನೂ ಹಾಗೇ ಬರೆಯುತ್ತಾನೆ. ಟಿ.ಸಿ. ಕೊಡುವಾಗ ಎರಡು ನಿಮಿಷ ಕೂರಿಸಿ ಕೇಳಿ. ಬೇರೆ ಕಾಲೇಜಿಗೆ, ಬೇರೆ ಕೋರ್ಸಿಗೆ, ಕೆಲಸಕ್ಕೆ, ಮದುವೆ, ದುಡ್ಡು, ಪಾಠ ಅರ್ಥವಾಗಲಿಲ್ಲ, ಬಸ್ಸು. ಏಳು ಉತ್ತರಕ್ಕೆ ಏಳು ಅಂಕೆ ಕೊಟ್ಟು ಹಾಕಿಕೊಳ್ಳಿ. ಹೇಳಲು ಇಷ್ಟ ಇಲ್ಲದಿದ್ದರೆ ಖಾಲಿ ಬಿಡಿ, ನೀವಾಗಿ ಊಹಿಸಬೇಡಿ.

ಮಂಗಳೂರಿನಲ್ಲಿ ನರ್ಸಿಂಗ್ ಸೀಟು ಸಿಕ್ಕಿ ಹೋದವಳನ್ನು ಸೋತವಳು ಅಂತ ಎಣಿಸುವುದು ಸರಿಯಲ್ಲ. ಅಲಾಟ್‌ಮೆಂಟಿನಲ್ಲಿ ಮೇಲಿನ ಆಪ್ಶನ್ (ಅರ್ಜಿಯಲ್ಲಿ ಮೊದಲು ಬರೆದ ಆಯ್ಕೆ) ಸಿಕ್ಕಿ ಬೇರೆ ಕಾಲೇಜಿಗೆ ದಾಟಿದವರೂ ಹಾಗೆಯೇ. ಅದಕ್ಕೇ ನಾನು ಸೇರಿದವರ ಸಂಖ್ಯೆಯನ್ನು ಎರಡು ಸಲ ಬರೆಯುತ್ತೇನೆ. ಒಮ್ಮೆ ಬಾಗಿಲು ದಾಟಿ ಬಂದವರೆಲ್ಲ. ಇನ್ನೊಮ್ಮೆ ಅಡ್ಮಿಷನ್ ಮುಚ್ಚಿದ ದಿನ ಉಳಿದವರು. ಶೇಕಡಾ ತೆಗೆಯುವುದು ಎರಡನೆಯದರ ಮೇಲೆ. ಮೊದಲನೆಯದರಿಂದ ಬೇರೆ ವಿಷಯ ಗೊತ್ತಾಗುತ್ತದೆ: ಯಾವ ಕೋರ್ಸನ್ನು ಮಕ್ಕಳು ತಂಗುದಾಣ ಮಾಡಿಕೊಂಡಿದ್ದಾರೆ ಅಂತ.

ವರ್ಷದಿಂದ ವರ್ಷಕ್ಕೆ ಹೋಲಿಸುವಾಗ ಜಾಗ್ರತೆ ಬೇಕು. ಪ್ಲಸ್ ಟು ಅಂಕ ಎಲ್ಲ ವರ್ಷಕ್ಕೂ ಒಂದೇ ಅಳತೆಗೋಲಲ್ಲ. ಕೇರಳದಲ್ಲಿ 2021ರಲ್ಲಿ ಪಾಸಾದವರು 87.94 ಶೇಕಡಾ, 2024ರಲ್ಲಿ 78.69. ಮೂರೇ ವರ್ಷದಲ್ಲಿ ಮಕ್ಕಳು ದಡ್ಡರಾದರಾ? ಇಲ್ಲ, ಕೊರೊನಾ ಕಾಲದ ಪರೀಕ್ಷೆಯೇ ಬೇರೆ. ಆ ಬ್ಯಾಚುಗಳನ್ನು ಪ್ರತ್ಯೇಕ ಇಡಿ. 2020ರಲ್ಲಿ ತಲಪಾಡಿ ಗಡಿ ಮುಚ್ಚಿದಾಗ ಮಂಗಳೂರಿಗೆ ಹೋಗಿಬರುವುದು ಎಷ್ಟು ಕಷ್ಟವಾಯಿತು ಎಂದು ನಮ್ಮವರಿಗೆ ಹೇಳಬೇಕಾಗಿಲ್ಲ. ಆ ವರ್ಷ ಯಾರು ಎಲ್ಲಿ ಸೇರಿದರು ಎನ್ನುವುದನ್ನು ಬೇರೆ ವರ್ಷದ ಪಕ್ಕ ಇಟ್ಟು ನೋಡಿ ಪ್ರಯೋಜನ ಇಲ್ಲ.

2024ರಲ್ಲಿ ಇನ್ನೊಂದು ಬದಲಾವಣೆ ಆಯಿತು. ಕೇರಳದ ವಿಶ್ವವಿದ್ಯಾಲಯಗಳಲ್ಲಿ ನಾಲ್ಕು ವರ್ಷದ ಪದವಿ ಶುರುವಾಯಿತು. ಮೂರು ವರ್ಷದಲ್ಲಿ 133 ಕ್ರೆಡಿಟ್ (ಪಾಸಾದ ಪೇಪರುಗಳಿಗೆ ಸಿಗುವ ಎಣಿಕೆ) ಮುಗಿಸಿ ಪದವಿ ಹಿಡಿದು ಹೋಗಬಹುದು. ನಾಲ್ಕನೆಯ ವರ್ಷ ಕೂತು 177 ಮಾಡಿದರೆ ಆನರ್ಸ್. ಅಂದರೆ ಮೂರಕ್ಕೇ ಹೋದವರನ್ನು "ಬಿಟ್ಟವರು" ಪಟ್ಟಿಗೆ ಹಾಕಿದರೆ ಲೆಕ್ಕ ಪೂರ್ತಿ ತಲೆಕೆಳಗಾಗುತ್ತದೆ. ಅವರಿಗೆ ಬೇರೆಯೇ ಗುರುತು ಕೊಡಿ.

ಸಣ್ಣ ಸಂಖ್ಯೆಗೆ ಶೇಕಡಾ ಹಾಕಬೇಡಿ. ಕನ್ನಡ ಮಾಧ್ಯಮದಿಂದ ಬಂದವರು ಒಂದು ಕೋರ್ಸಿನಲ್ಲಿ ಏಳೇ ಜನ ಅಂತ ಇಟ್ಟುಕೊಳ್ಳಿ. ನಾಲ್ವರು ಪಾಸಾದರೆ 57, ಐವರಾದರೆ 71. ಒಬ್ಬ ಹುಡುಗನಿಗೆ ಪರೀಕ್ಷೆಯ ದಿನ ಜ್ವರ ಬಂದದ್ದಕ್ಕೆ 14 ಶೇಕಡಾ ಬಿದ್ದುಹೋಯಿತು! ಮೂರು ವರ್ಷದವರನ್ನು ಸೇರಿಸಿ ನೋಡಿ. ಆಗಲೂ "ಏಳರಲ್ಲಿ ನಾಲ್ಕು" ಎಂಬ ಹಾಗೆಯೇ ಬರೆಯಿರಿ.

ಪ್ಲಸ್ ಟು ಅಂಕಕ್ಕೂ ಕಾಲೇಜಿನ ಪಾಸಿಗೂ ಸಂಬಂಧವೇ ಇಲ್ಲ ಎಂದು ಕೆಲವು ಅಧ್ಯಾಪಕರು ಹಾಳೆ ನೋಡಿ ವಾದಿಸುತ್ತಾರೆ. ಅವಸರ ಬೇಡ. ಜಾಸ್ತಿ ಅಂಕದವರು ಬೇರೆ ಕಡೆ ಹೋಗಿರುತ್ತಾರೆ, ತೀರ ಕಡಿಮೆಯವರಿಗೆ ಸೀಟು ಸಿಕ್ಕಿರುವುದಿಲ್ಲ. ನಮ್ಮ ಹಾಳೆಯಲ್ಲಿ ಉಳಿದವರು ನಡುವಿನವರು. ವಾಲಿಬಾಲ್ ಟೀಮಿನಲ್ಲಿ ಎಲ್ಲರೂ ಆರಡಿಯವರಾದರೆ ಎತ್ತರಕ್ಕೂ ಸ್ಮ್ಯಾಶಿಗೂ ಸಂಬಂಧ ಇಲ್ಲ ಅನ್ನಿಸುತ್ತದೆ. ಹಾಗೇ ಇದು.

"ಅಲಾಟ್‌ಮೆಂಟ್ ಮಾಡುವುದು ಯೂನಿವರ್ಸಿಟಿ, ನೀವು ಇದೆಲ್ಲ ಮಾಡಿ ಎಂತ ಉಪಯೋಗ?" ಅಂತ ಒಬ್ಬರು ಕೇಳಿದ್ದರು. ನಿಜ, ಮೆರಿಟ್ ಸೀಟಿನಲ್ಲಿ ಯಾರನ್ನು ತೆಗೆದುಕೊಳ್ಳಬೇಕೆಂದು ಕಾಲೇಜು ತೀರ್ಮಾನಿಸುವುದಿಲ್ಲ. ನನಗೆ ಅದು ಒಳ್ಳೆಯದೇ ಅನ್ನಿಸುತ್ತದೆ. ಈ ಹಾಳೆ ಬಾಗಿಲು ಮುಚ್ಚುವವರ ಕೈಗೆ ಸಿಗಬಾರದು. ಇಂಥ ಊರಿನ, ಇಂಥ ಮಾಧ್ಯಮದ ಮಕ್ಕಳು ಅರ್ಧದಲ್ಲಿ ಬಿಡುತ್ತಾರೆ ಅಂತ ಕಂಡರೆ, ಮುಂದಿನ ಸಲ ಆ ಊರಿನ ಮಗುವನ್ನು ಮೊದಲ ವಾರವೇ ಕರೆದು ಮಾತಾಡಿಸಬೇಕು. ಉಳಿದ ಸೀಟಿಗೆ ಕಾಲೇಜಿನಲ್ಲೇ ನಡೆಯುವ ಸ್ಪಾಟ್ ಅಡ್ಮಿಷನ್ ದಿನ ಅವನನ್ನು ನಿರುತ್ಸಾಹಗೊಳಿಸುವುದಕ್ಕೆ ಅದನ್ನು ಬಳಸಿದರೆ, ಹಾಳೆ ಮಾಡದಿರುವುದೇ ಮೇಲು.

ಉಪಯೋಗ ಎಲ್ಲಿ ಅಂದರೆ, ಯಾರು ಯಾವಾಗ ಬಿಡುತ್ತಾರೆ ಎಂದು ತಿಂಗಳ ಪ್ರಕಾರ ಜೋಡಿಸಿ ನೋಡಿ. ಮೊದಲ ತಿಂಗಳಲ್ಲಿ ಬಿಟ್ಟರೆ ಆಯ್ಕೆಯ ಸಮಸ್ಯೆ: ಆಪ್ಶನ್ ತುಂಬಿಸುವಾಗಲೇ ಕೋರ್ಸಿನಲ್ಲಿ ಎಂತ ಕಲಿಯುವುದಿದೆ ಎಂದು ಕನ್ನಡದಲ್ಲಿ ಹೇಳುವವರು ಬೇಕಿತ್ತು. ಮೊದಲ ಸೆಮಿಸ್ಟರ್ ಫಲಿತಾಂಶದ ಬೆನ್ನಿಗೇ ಬಿಟ್ಟರೆ ಭಾಷೆಯದ್ದೋ ಗಣಿತದ್ದೋ ತೊಂದರೆ: ಹಿಂದೆ ಬಿದ್ದವರಿಗೆ ಕೊಡುವ ಬ್ರಿಡ್ಜ್ ಕ್ಲಾಸನ್ನು ಪರೀಕ್ಷೆಗೆ ಮುಂಚೆ ಇಡಿ, ಆಮೇಲಲ್ಲ. ಎರಡನೆಯ ವರ್ಷದ ಹೊತ್ತಿಗೆ ಬಿಟ್ಟರೆ ಹೆಚ್ಚಾಗಿ ದುಡ್ಡು: ಇ-ಗ್ರಾಂಟ್ಸ್ (ಕೇರಳ ಸರಕಾರದ ವಿದ್ಯಾರ್ಥಿವೇತನ) ಅರ್ಜಿ ತುಂಬಿಸಿದ್ದಾರಾ, ಬ್ಯಾಂಕ್ ಖಾತೆಗೆ ಆಧಾರ್ ಸೇರಿದೆಯಾ ನೋಡಿ. ಇದು ಅಧ್ಯಾಪಕರಿಗಿಂತ ಆಫೀಸಿನವರಿಗೆ ಸುಲಭ.

ಸರಕಾರಕ್ಕೆ ಪ್ರತಿ ವರ್ಷ ಐಶೆ (ಅಖಿಲ ಭಾರತ ಉನ್ನತ ಶಿಕ್ಷಣ) ಸಮೀಕ್ಷೆಗೆ ಅಂಕಿಅಂಶ ಕೊಡುತ್ತೇವೆ. 2010-11ರಿಂದ ನಡೆಯುತ್ತಿದೆ. ಅದು ಆ ವರ್ಷದ ಒಂದು ಫೋಟೋ ಇದ್ದ ಹಾಗೆ: ಎಷ್ಟು ಹುಡುಗಿಯರು, ಎಷ್ಟು ಹುಡುಗರು, ಯಾವ ವರ್ಗ. ಈ ಹಾಳೆ ಸರಿಯಾಗಿದ್ದರೆ ಅದನ್ನು ತುಂಬಿಸುವ ಕೆಲಸ ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತದೆ. ಕಾಲೇಜಿಗೆ ಗ್ರೇಡ್ ಕೊಡುವ ನ್ಯಾಕ್ ತಂಡ ಬರುವಾಗಲೂ ರಾತ್ರಿ ಕೂರಬೇಕಾಗಿಲ್ಲ.

ಹಾಳೆಯಲ್ಲಿ ಜಾತಿ, ಆದಾಯ, ಕಾಯಿಲೆ ಇಂಥದ್ದೇನಾದರೂ ಇದ್ದರೆ ಪಾಸ್‌ವರ್ಡ್ ಹಾಕಿ. ವಾಟ್ಸಾಪ್ ಗ್ರೂಪಿಗೆ ಇಡೀ ಫೈಲು ಕಳಿಸಬೇಡಿ. ಮೀಟಿಂಗಿಗೆ ಹೆಸರು ತೆಗೆದ ಪ್ರತಿ ಕೊಡಿ. ಹೆಸರು ತೆಗೆದರೂ, "ಅಡೂರಿನಿಂದ ಬಂದ ಇಬ್ಬರು" ಎಂದರೆ ಯಾರು ಅಂತ ಸ್ಟಾಫ್ ರೂಮಿಗೆಲ್ಲ ಗೊತ್ತಾಗುತ್ತದೆ. ಹೊರಗೆ ಕೊಡುವ ಪ್ರತಿಯಲ್ಲಿ ಹತ್ತಕ್ಕಿಂತ ಕಡಿಮೆ ಇದ್ದ ಕಡೆ ಸಂಖ್ಯೆ ಹಾಕದೆ ಬಿಡುವುದು ನನ್ನ ಕ್ರಮ.

ಈಚೆಗೆ ಒಂದು ಕಾಲಂ ಸೇರಿಸಿದ್ದೇನೆ. ಅಡ್ಮಿಷನ್ ದಿನವೇ ಕೇಳುತ್ತೇನೆ: "ಬೆಳಗ್ಗೆ ಎಷ್ಟು ಗಂಟೆಯ ಬಸ್ಸು? ಎಷ್ಟು ಬಸ್ಸು ಬದಲಿಸಬೇಕು?" ಮುಳ್ಳೇರಿಯದ ಆಚೆಯ ಒಬ್ಬಳು ಮೂರು ಬಸ್ಸು ಅಂದಳು. ಅವಳ ಸಾಲಿಗೆ ಹಳದಿ ಬಣ್ಣ ಹಾಕಿ, ಮೊದಲ ಪೀರಿಯಡ್‌ನ ಅಧ್ಯಾಪಕರಿಗೆ ಫೋನ್ ಮಾಡಿದೆ. ಹತ್ತು ನಿಮಿಷ ತಡವಾದರೆ ಗೈರುಹಾಜರಿ ಹಾಕಬೇಡಿ, ಕಾರಣ ಉಂಟು ಅಂತ.