ತೋಟಕ್ಕೆ ತೋಟಾ ಸಿಗದ ವರ್ಷ

ನಮ್ಮದು ಶಿರಸಿಯಿಂದ ಹುಲೇಕಲ್ ಕಡೆಗೆ ಹೋಗುವ ದಾರಿಯಲ್ಲಿ ಒಳಗಿರುವ ಊರು. ಎರಡು ಎಕರೆ ಅಡಿಕೆ, ನಡುವೆ ಬಾಳೆ, ಮರಕ್ಕೆ ಹಬ್ಬಿದ ಕಾಳುಮೆಣಸು. ಮನೆಯಲ್ಲಿ ಅಪ್ಪನ ಕಾಲದ ಒಂಟಿ ನಳಿಗೆಯ ಕೋವಿ ಇದೆ, ಹನ್ನೆರಡು ಬೋರಿನದು. ಬೆಳೆ ರಕ್ಷಣೆಗೆಂದು ಕೊಟ್ಟ ಲೈಸೆನ್ಸ್. 'ತೋಟ ಕಾಯಲಿಕ್ಕೆ ತೋಟಾ ಬೇಕು' ಎಂದು ಅಪ್ಪ ನಗುತ್ತಿದ್ದರು. ಆ ತೋಟಾವೇ, ಅಂದರೆ ಕೋವಿಗೆ ತುಂಬುವ ಮದ್ದುಗುಂಡಿನ ಕೊಳವೆಯೇ, ಸಿಗದೆ ಹೋದಾಗ ನಾನು ಏನು ಮಾಡಿದೆ ಎಂಬುದು ಈ ಬರಹ.

ಮೊದಲೇ ಹೇಳಿಬಿಡುತ್ತೇನೆ, ನಾನು ಬೇಟೆಗಾರನಲ್ಲ. ಮಂಗನಿಗೆ ಹೊಡೆಯುವಂತಿಲ್ಲ, ಕಾನೂನೂ ಬಿಡುವುದಿಲ್ಲ, ಮನಸ್ಸೂ ಒಪ್ಪುವುದಿಲ್ಲ. ಆಕಾಶಕ್ಕೆ ಒಂದು ಈಡು ಹಾಕಿದರೆ ಮಂಗನ ಹಿಂಡು ಗುಡ್ಡ ಹತ್ತುತ್ತದೆ. ಮೂರು ದಿನ ಈ ಕಡೆ ತಲೆ ಹಾಕುವುದಿಲ್ಲ. ಅಷ್ಟೇ ನಮ್ಮ ಕೋವಿಯ ಕೆಲಸ.

ನನ್ನ ಲೈಸೆನ್ಸಿನಲ್ಲಿ ವರ್ಷಕ್ಕೆ 25 ತೋಟಾ ಎಂದು ಬರೆದಿದೆ. ಮೊದಲೆಲ್ಲ ವರ್ಷಕ್ಕೊಮ್ಮೆ ಹುಬ್ಬಳ್ಳಿಗೆ ಹೋಗಿ ಒಂದು ಪೆಟ್ಟಿಗೆ ತಂದರೆ ಮುಗಿಯಿತು. ಒಂದು ಸಲ ಹೋದಾಗ ಅಂಗಡಿಯವರು ಕೈ ಆಡಿಸಿದರು. 'ಬಂದಿಲ್ಲ ಹೆಗಡೇರೇ. ಕಚ್ಚಾ ಮಾಲೇ ಇಲ್ವಂತೆ. ಬಂದರೆ ಫೋನ್ ಮಾಡ್ತೇನೆ.' ನೂರು ಕಿಲೋಮೀಟರ್ ಹೋಗಿ ಬರಿಗೈಯಲ್ಲಿ ಬಂದೆ. ಬಸ್ಸಿನಲ್ಲಿ ಕೂತು ಯೋಚಿಸಿದೆ, ಹೆಬ್ಬೆರಳು ದಪ್ಪದ ಈ ತೋಟಾದಲ್ಲಿ ಸಿಗದಂಥ ಕಚ್ಚಾ ಮಾಲು ಏನಿರಬಹುದು?

ಉತ್ತರ ಸಿಕ್ಕಿದ್ದು ದೀಪಾವಳಿಗೆ. ಅಕ್ಕನ ಮಗ ಪುಣೆಯಲ್ಲಿದ್ದಾನೆ, ಲೋಹ ಖರೀದಿ ಮಾಡುವುದೇ ಅವನ ನೌಕರಿ. ಜಗಲಿ ಮೇಲೆ ಕೂರಿಸಿಕೊಂಡು ಕೇಳಿದೆ. ಅವನು ಎದ್ದು ಕೊಟ್ಟಿಗೆಗೆ ಹೋದ. ಎಮ್ಮೆಗೆ ನೆನೆಹಾಕಲು ತಂದಿಟ್ಟ ಚೀಲದಿಂದ ನಾಲ್ಕು ಹತ್ತಿಕಾಳು ತಂದು ನನ್ನ ಅಂಗೈಗೆ ಹಾಕಿದ. 'ಮಾವ, ಇದನ್ನ ಉಗುರಿನಿಂದ ಕೆರೆದು ನೋಡು.'

ಕೆರೆದೆ. ಕಾಳಿನ ಮೇಲೆ ಬೂದುಬಣ್ಣದ ಕುರುಚಲು ಜುಂಗು. ಇಷ್ಟು ವರ್ಷ ಎಮ್ಮೆಗೆ ತಿನ್ನಿಸಿದ್ದೇನೆ, ಇದನ್ನು ಒಮ್ಮೆಯೂ ಸರಿಯಾಗಿ ನೋಡಿರಲಿಲ್ಲ. ಉದ್ದ ನಾರೆಲ್ಲ ಜಿನ್ನಿಂಗ್ ಮಿಲ್ಲಿನಲ್ಲಿ ಬಟ್ಟೆಗೆ ಹೋಗುತ್ತದೆ. ಉಳಿದ ಈ ಜುಂಗಿಗೆ ಲಿಂಟರ್ ಎನ್ನುತ್ತಾರಂತೆ. ತೋಟಾದೊಳಗೆ ಉರಿದು ಗುಂಡನ್ನು ದೂಡುವ, ಇವತ್ತಿನ ಹೊಗೆಯಿಲ್ಲದ ಮದ್ದಿನ ಮುಖ್ಯ ಮೂಲ ಇದೇ. ಇದು ನೈಟ್ರಿಕ್ ಆಮ್ಲದ ಜೊತೆ ಸೇರಿ ನೈಟ್ರೋಸೆಲ್ಯುಲೋಸ್ ಆಗುತ್ತದೆ. ನೈಟ್ರಿಕ್ ಆಮ್ಲ ಬರುವುದು ಅಮೋನಿಯಾದಿಂದ. ನಮ್ಮ ಯೂರಿಯಾ ಬರುವುದೂ ಅದೇ ಅಮೋನಿಯಾದಿಂದ. 2022ರಲ್ಲಿ ಉಕ್ರೇನ್ ಯುದ್ಧ ಶುರುವಾಗಿ ಅಮೋನಿಯಾ ಮಾಡಲು ಬೇಕಾದ ಗ್ಯಾಸಿನ ದರ ಏರಿದಾಗ ಯುರೋಪಿನಲ್ಲಿ ಎಷ್ಟೋ ಅಮೋನಿಯಾ ಕಾರ್ಖಾನೆಗಳೇ ಬಾಗಿಲು ಹಾಕಿದ್ದವು. ಗೊಬ್ಬರಕ್ಕೂ ಕುತ್ತು, ಮದ್ದಿಗೂ ಕುತ್ತು.

ಯುರೋಪಿನವರು 2023ರ ಮಾರ್ಚ್‌ನಲ್ಲಿ ಒಂದು ವರ್ಷದೊಳಗೆ ಉಕ್ರೇನಿಗೆ ಹತ್ತು ಲಕ್ಷ ಫಿರಂಗಿ ಗುಂಡು ಕೊಡುತ್ತೇವೆ ಎಂದಿದ್ದರು. ಗಡುವು ಮುಗಿದಾಗ ಕೊಟ್ಟದ್ದು ಅರ್ಧದಷ್ಟು. ದುಡ್ಡಿತ್ತು, ಆದರೆ ಮದ್ದು ಸಾಕಾಗಲಿಲ್ಲ. ಅವರ ಲಿಂಟರ್ ಹೆಚ್ಚಾಗಿ ಬರುವುದು ಚೀನಾದಿಂದ. ಅಷ್ಟು ದೊಡ್ಡವರೇ ಸರದಿಯಲ್ಲಿ ನಿಂತಿರುವಾಗ ಹುಲೇಕಲ್ ಕಡೆಯ ಮಂಗ ಓಡಿಸುವವನನ್ನು ಯಾರು ಕೇಳುತ್ತಾರೆ?

ಆಮೇಲೆ ಚರೆ, ಅಂದರೆ ತೋಟಾದೊಳಗಿನ ಸಣ್ಣ ಗುಂಡುಗಳು. ಅದು ಬರೀ ಸೀಸ ಎಂದುಕೊಂಡಿದ್ದೆ. ಬರೀ ಸೀಸ ಮೆತ್ತಗೆ, ನಳಿಗೆಯಲ್ಲೇ ಚಪ್ಪಟೆಯಾಗುತ್ತದೆ. ಗಟ್ಟಿಯಾಗಲು ಚೂರು ಆಂಟಿಮನಿ ಬೆರೆಸುತ್ತಾರೆ. ಹೆಸರು ಹೊಸದು ಅನಿಸಿತು. ಹೊಸದೇನಲ್ಲ, ಹಿಂದೆ ಕಣ್ಣಿಗೆ ಹಚ್ಚುತ್ತಿದ್ದ ಸುರ್ಮಾಕ್ಕೂ ಇದರ ಕಲ್ಲನ್ನು ಬಳಸುತ್ತಿದ್ದದ್ದುಂಟು. ಜಗತ್ತಿನ ಗಣಿಗಳಿಂದ ಬರುವ ಆಂಟಿಮನಿಯಲ್ಲಿ ಸುಮಾರು ಅರ್ಧ ಚೀನಾದ್ದು. 2024ರ ಸೆಪ್ಟೆಂಬರ್ 15ರಿಂದ ಪರವಾನಗಿ ಇಲ್ಲದೆ ಹೊರಗೆ ಕಳಿಸುವಂತಿಲ್ಲ ಎಂದು ಚೀನಾ ಬಿಗಿ ಮಾಡಿತು. ಡಿಸೆಂಬರ್‌ನಲ್ಲಿ ಅಮೆರಿಕಕ್ಕೆ ಪೂರಾ ನಿಲ್ಲಿಸಿತು. ಆ ಒಂದೇ ವರ್ಷದಲ್ಲಿ ಹೊರಗಿನ ಮಾರುಕಟ್ಟೆಯಲ್ಲಿ ದರ ಮೂರು ಪಟ್ಟಾಯಿತು. 'ನಿನ್ನ ಇನ್ವರ್ಟರ್ ಬ್ಯಾಟರಿಯಲ್ಲೂ ಇದೆ ಮಾವ' ಎಂದ ಅಳಿಯ. ಸೀಸವೂ ಹಾಗೇ. ನಮ್ಮ ದೇಶದಲ್ಲಿ ಹಳೆ ಬ್ಯಾಟರಿ ಕರಗಿಸಿ ತೆಗೆದ ಸೀಸವೇ ಜಾಸ್ತಿ ಓಡಾಡುತ್ತದೆ.

ತೋಟಾದ ಬುಡದ ಹಿತ್ತಾಳೆ ವಿಷಯಕ್ಕೆ ಬಂದಾಗ ನಾನೇ ಹೇಳಿದೆ, ತಾಮ್ರದ ಕಥೆ ನನಗೆ ಗೊತ್ತು ಎಂದು. ಅಡಿಕೆ ಬೆಳೆಗಾರನಿಗೆ ಅದನ್ನು ಹೇಳಿಕೊಡಬೇಕಾ? ಮಳೆಗಾಲಕ್ಕೆ ಮುಂಚೆ ಕೊಳೆ ರೋಗಕ್ಕೆ ಬೋರ್ಡೋ ಹೊಡೆಯಲೇಬೇಕು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಮೈಲುತುತ್ತ ಅಂದರೆ ತಾಮ್ರವೇ. 2018ರಲ್ಲಿ ತೂತ್ತುಕುಡಿಯ ತಾಮ್ರದ ಕಾರ್ಖಾನೆ ಮುಚ್ಚಿದ ಮೇಲೆ, ತಾಮ್ರ ಮಾರುತ್ತಿದ್ದ ದೇಶ ತಾಮ್ರ ಕೊಳ್ಳುವ ದೇಶವಾಯಿತು. ಗುಂಡಿನ ಹಿತ್ತಾಳೆಗೆ ನೂರಕ್ಕೆ ಎಪ್ಪತ್ತು ಪಾಲು ತಾಮ್ರ, ಮೂವತ್ತು ಪಾಲು ಸತು.

ಹತ್ತಿಕಾಳು, ಯೂರಿಯಾ, ಬ್ಯಾಟರಿ, ಮೈಲುತುತ್ತ. ನಾಲ್ಕೂ ನಮ್ಮ ಮನೆಯಲ್ಲೇ ಇದ್ದವು. ತೋಟಾ ಮಾತ್ರ ಇರಲಿಲ್ಲ.

ಇದನ್ನು ಕೇಳಿದ ಪಕ್ಕದ ತೋಟದವನಿಗೆ ತಲೆ ಓಡಿತು. ಹಳೆ ಬ್ಯಾಟರಿ ಕರಗಿಸಿ ನಾವೇ ಚರೆ ಹೊಯ್ದರೆ ಹೇಗೆ ಎಂದ. ಬೇಡವೇ ಬೇಡ ಎಂದೆ. ಲೈಸೆನ್ಸ್ ಇಲ್ಲದೆ ಮದ್ದುಗುಂಡು ಮಾಡಿದರೆ ಜೈಲು, ಸೀಸದ ಹೊಗೆ ಕುಡಿದರೆ ಆಸ್ಪತ್ರೆ. ಅವನೇ ಆಮೇಲೆ, ಗ್ಯಾಸಿಗೆ ಕಿಡಿ ತಗುಲಿಸಿ ಶಬ್ದ ಮಾಡುವ ಪಿವಿಸಿ ಪೈಪಿನ ಕಾರ್ಬೈಡ್ ಗನ್ ತಂದ. ಶಬ್ದವೇನೋ ಜೋರು. ಆದರೆ ಹತ್ತದಿದ್ದಾಗ ಪೈಪಿಗೆ ಕಣ್ಣಿಟ್ಟು ಬಗ್ಗಿ ನೋಡುತ್ತಿದ್ದ. ನಾನೇ ಓಡಿ ಹೋಗಿ ಎಳೆದೆ. ಹಾಗೆ ನೋಡಿಯೇ ಎಷ್ಟೋ ಜನ ಕಣ್ಣು ಕಳೆದುಕೊಂಡಿದ್ದಾರೆ. ಈಗ ಅದು ಅವನ ಅಟ್ಟದಲ್ಲಿದೆ.

ನಾನು ಮಾಡಿದ್ದು ಸಣ್ಣ ಕೆಲಸ. ಮನೆಯಲ್ಲಿದ್ದ ತೋಟಾ ಎಣಿಸಿದೆ, ಹದಿನೇಳು. ಪ್ರತಿಯೊಂದರ ಮೇಲೆ ತಂದ ವರ್ಷ ಬರೆದೆ. ಹಳೆಯದು ಮೊದಲು ಖರ್ಚಾಗಬೇಕು ಎಂದು ಲೆಕ್ಕ ಹಾಕಿದೆ. ಆದರೆ ಅದರಲ್ಲಿ ಆರು ಅಪ್ಪನ ಕಾಲದ ಕಾಗದದ ಕೊಳವೆಯವು. ಶಿರಸಿಯ ಮಳೆ ಗೊತ್ತಲ್ಲ, ಜುಲೈ ತಿಂಗಳಲ್ಲಿ ಗೋಡೆಗೂ ಬೂಷ್ಟು ಬರುತ್ತದೆ. ನಾಲ್ಕು ತೋಟಾ ಉಬ್ಬಿ ನಳಿಗೆಗೆ ಹೋಗಲೇ ಇಲ್ಲ. ಒತ್ತಿ ತೂರಿಸುವ ಸಾಹಸ ಮಾಡಲಿಲ್ಲ. ಐದನೆಯದು ಹೋಯಿತು, ಕುದುರೆ ಎಳೆದರೆ ಟಿಕ್ ಎಂದು ಸುಮ್ಮನಾಯಿತು. ಆಗ ತಕ್ಷಣ ಕೋವಿ ಬಿಚ್ಚಬಾರದು. ತಡವಾಗಿ ಹತ್ತುವುದೂ ಉಂಟು. ನಳಿಗೆ ಆಕಾಶಕ್ಕೇ ಇಟ್ಟು ನಿಧಾನ ಅರವತ್ತು ಎಣಿಸಿದೆ. ಕೈ ನಡುಗುತ್ತಿತ್ತು. ಎದುರಿನ ಮರದಲ್ಲಿ ಕೂತ ಗಡವ ನನ್ನನ್ನೇ ನೋಡುತ್ತಾ ಎಳೆ ಅಡಿಕೆ ಸಿಪ್ಪೆ ಸುಲಿಯುತ್ತಿತ್ತು. ಆ ಆರನ್ನೂ ಠಾಣೆಗೆ ಒಯ್ದು ಬರೆಸಿ ಒಪ್ಪಿಸಿ ಬಂದೆ.

ಈಗ ಉಳಿದವು ಹಾರ್ಲಿಕ್ಸ್ ಬಾಟಲಿಯಲ್ಲಿವೆ, ತಳದಲ್ಲಿ ಬಟ್ಟೆಗಂಟಿನಲ್ಲಿ ಹುರಿದು ಆರಿಸಿದ ಅಕ್ಕಿ. ಬಾಟಲಿ ಬೀಗ ಹಾಕಿದ ಪೆಟ್ಟಿಗೆಯಲ್ಲಿ, ಬಚ್ಚಲ ಒಲೆಯಿಂದ ದೂರ. ತಿಂಗಳಿಗೊಮ್ಮೆ ಅಕ್ಕಿ ಬದಲು.

ಹಂದಿಗೆ ಐಬೆಕ್ಸ್ ಬೇಲಿ, ಅಂದರೆ ಮುಟ್ಟಿದರೆ ಸಣ್ಣ ಶಾಕ್ ಕೊಡುವ ತಂತಿ ಬೇಲಿ ಹಾಕಿಸಿದೆ. ಮಂಗಕ್ಕೆ ಬೇಲಿ ಲೆಕ್ಕವಿಲ್ಲ, ಅದಕ್ಕೆ ನಾಯಿ ಮತ್ತು ತಗಡಿನ ಡಬ್ಬ. ಡಬ್ಬಕ್ಕೆ ಮಂಗ ಹತ್ತು ದಿನದಲ್ಲಿ ಪಳಗಿಬಿಡುತ್ತದೆ. ಪಳಗಿತು ಎಂದು ಕಂಡ ದಿನ ಮಾತ್ರ ಒಂದು ಈಡು. ಮರುದಿನದಿಂದ ಡಬ್ಬಕ್ಕೇ ಹೆದರುತ್ತದೆ! ಹೀಗೆ ಮಾಡಿ ಕಳೆದ ವರ್ಷ ಏಳೇ ತೋಟಾದಲ್ಲಿ ಮುಗಿಸಿದೆ. ಚುನಾವಣೆ ಬಂದಾಗ ಕೋವಿಯನ್ನೇ ಠಾಣೆಯಲ್ಲಿಟ್ಟು ಬರಬೇಕು, ಆ ಎರಡು ತಿಂಗಳು ಮಂಗಗಳದ್ದೇ ರಾಜ್ಯ. ಆ ಸಿಟ್ಟು ಬೇರೆ ದಿನ ಬರೆಯುತ್ತೇನೆ.

ಮೊನ್ನೆ ಹುಬ್ಬಳ್ಳಿಯಿಂದ ಫೋನ್ ಬಂತು. 'ಮಾಲು ಬಂದಿದೆ. ಒಬ್ಬರಿಗೆ ಹತ್ತೇ.' ಮರುದಿನ ಬೆಳಗಿನ ಬಸ್ಸಿಗೆ ಹೋದೆ. ಲೈಸೆನ್ಸಿನಲ್ಲಿ ಬರೆಸಿಕೊಂಡು ಹತ್ತು ತಂದೆ. ಬರುವಾಗ ಶಿರಸಿ ಪೇಟೆಯಲ್ಲಿ ಇಳಿದು ಮೈಲುತುತ್ತದ ದರ ಕೇಳಿದೆ. ಅದೂ ಏರಿದೆ. ಅಂಗಡಿಯವ ಕಾರಣ ಹೇಳಲು ಬಾಯಿ ತೆಗೆದ. ಗೊತ್ತು ಮಾರಾಯ, ತೂಕ ಮಾಡು ಎಂದೆ.