ಮಾಮನ ಹಳೇ ಕೀಬೋರ್ಡು, ನನ್ನ ಹೊಸ ಲ್ಯಾಪ್‌ಟಾಪು

ಶಿವಮೊಗ್ಗದಲ್ಲಿ ನನ್ನ ಸೋದರಮಾವ ಡಿಟಿಪಿ ಅಂಗಡಿ ಇಟ್ಟಿದ್ದರು. ಅಂಗಡಿ ಮುಚ್ಚಿದ ಮೇಲೆ ಸಾಮಾನೆಲ್ಲ ಅಟ್ಟ ಸೇರಿತ್ತು. ದಸರಾ ರಜೆಯಲ್ಲಿ ಅಟ್ಟ ಹತ್ತಿದಾಗ ಹಳೇ ಪಂಚೆಯಲ್ಲಿ ಸುತ್ತಿಟ್ಟ ಕೀಬೋರ್ಡ್ ಸಿಕ್ಕಿತು. ಎತ್ತಿದರೆ ಎರಡು ಕೆಜಿಗಿಂತ ಜಾಸ್ತಿ ಭಾರ. ಹಿಂದಿನ ಚೀಟಿಯಲ್ಲಿ 1391401 ಅನ್ನೋ ನಂಬರು, 1989ರ ತಾರೀಕು. ಐಬಿಎಂ ಮಾಡೆಲ್ ಎಂ! 1985ರಲ್ಲಿ ಶುರುವಾದ ಮಾದರಿ ಇದು. ಮಾಮ ಅದನ್ನು ಸೆಕೆಂಡ್ ಹ್ಯಾಂಡ್ ಕಂಪ್ಯೂಟರಿನ ಜೊತೆ ತಂದಿದ್ದರಂತೆ.

ಇದರ ಪ್ರತಿ ಕೀ ಕೆಳಗೂ ಒಂದು ಸಣ್ಣ ಸ್ಪ್ರಿಂಗ್ ಇದೆ. ಒತ್ತುತ್ತಾ ಹೋದರೆ ಅದು ತಟ್ಟನೆ ಪಕ್ಕಕ್ಕೆ ಬಾಗಿ, ಬುಡದಲ್ಲಿರುವ ಪುಟ್ಟ ಪ್ಲಾಸ್ಟಿಕ್ ಸುತ್ತಿಗೆಯನ್ನು ಕೆಳಗಿನ ಹಾಳೆಗೆ ಬಡಿಯುತ್ತದೆ. 'ಟಕ್' ಅನ್ನೋ ಸದ್ದು ಬಂತು ಅಂದರೆ ಅಕ್ಷರ ಬಿತ್ತು ಅಂತಲೇ ಲೆಕ್ಕ. ಪರದೆ ನೋಡುವ ಅಗತ್ಯವೇ ಇಲ್ಲ.

ಇದರ ವೈರಿನ ತುದಿಯಲ್ಲಿರುವುದು ಹಳೇ ಕಂಪ್ಯೂಟರುಗಳಿಗೆ ಹಾಕುತ್ತಿದ್ದ ದುಂಡನೆಯ ಪಿಎಸ್/2 ಪ್ಲಗ್. ಅದನ್ನು ಯುಎಸ್‌ಬಿಗೆ ಸಿಕ್ಕಿಸಲು ಮನೆಯಲ್ಲಿ ಒಂದು ನೇರಳೆ ಬಣ್ಣದ ಅಡಾಪ್ಟರ್ ಇತ್ತು. ಹಾಕಿ ನೋಡಿದೆ, ಕೆಲಸ ಮಾಡಲಿಲ್ಲ. ಅದರೊಳಗೆ ಇರುವುದು ಬರೀ ತಂತಿ. ಪಿಎಸ್/2, ಯುಎಸ್‌ಬಿ ಎರಡೂ ಭಾಷೆ ಬಲ್ಲ ಕೀಬೋರ್ಡಿಗೆ ಮಾತ್ರ ಅದು ಸಾಕು. ನಮ್ಮದಕ್ಕೆ ಯುಎಸ್‌ಬಿ ಗೊತ್ತೇ ಇಲ್ಲ. ಅದು ಹುಟ್ಟಿದಾಗ ಯುಎಸ್‌ಬಿಯೇ ಹುಟ್ಟಿರಲಿಲ್ಲ. ಹಾಗಾಗಿ ನಡುವೆ ಒಬ್ಬ ದುಭಾಷಿ ಬೇಕಾಗಿತ್ತು.

ರೆಡಿಮೇಡ್ ಕನ್ವರ್ಟರ್‌ಗಳೂ ಸಿಗುತ್ತವೆ. ಆದರೆ ಆ ಕಾಲದ ಕೀಬೋರ್ಡುಗಳು ಕರೆಂಟ್ ಜಾಸ್ತಿ ಎಳೆಯುತ್ತವೆ, ಅಗ್ಗದವು ಎಷ್ಟೋ ಸಲ ತಡೆಯೋದಿಲ್ಲ. ನಾನೇ ಮಾಡೋಣ ಅಂತ ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗಿ ಪ್ರೊ ಮೈಕ್ರೋ ಅನ್ನೋ, ನಮಗೆ ಬೇಕಾದ ಪ್ರೋಗ್ರಾಂ ಹಾಕಬಹುದಾದ ಒಂದು ಪುಟ್ಟ ಬೋರ್ಡು, ಒಂದು ಪಿಎಸ್/2 ಎಕ್ಸ್‌ಟೆನ್ಷನ್ ಕೇಬಲ್ ತಂದೆ. ಬೋರ್ಡು 5 ವೋಲ್ಟಿನದೇ ಇರಲಿ. ಇದೇ ಬೋರ್ಡು 3.3 ವೋಲ್ಟಿನಲ್ಲೂ ಬರುತ್ತದೆ, ಅಂಗಡಿಯಲ್ಲೇ ಕೇಳಿ ತಗೊಳ್ಳಿ.

ಕೀಬೋರ್ಡಿನ ಮೂಲ ವೈರಿಗೆ ಕತ್ತರಿ ಹಾಕಲು ನನಗೆ ಮನಸ್ಸಾಗಲಿಲ್ಲ. ಎಕ್ಸ್‌ಟೆನ್ಷನ್ ಕೇಬಲ್ಲನ್ನೇ ಕತ್ತರಿಸಿ, ಸಾಕೆಟ್ ಇರುವ ಅರ್ಧ ಇಟ್ಟುಕೊಂಡೆ. ಆರು ಪಿನ್ನುಗಳಲ್ಲಿ ನಾಲ್ಕು ಮಾತ್ರ ಬೇಕು: 1 ಡೇಟಾ, 3 ಗ್ರೌಂಡ್, 4 ಐದು ವೋಲ್ಟ್, 5 ಕ್ಲಾಕ್. ವೈರಿನ ಬಣ್ಣ ನಂಬಬೇಡಿ, ಒಂದೊಂದು ಕೇಬಲ್ಲಿನಲ್ಲಿ ಒಂದೊಂದು ಥರ ಇರುತ್ತದೆ. ಮಲ್ಟಿಮೀಟರ್ ಬೀಪ್ ಇಟ್ಟು ಒಂದೊಂದನ್ನೇ ಹುಡುಕಿ, ಚೀಟಿ ಅಂಟಿಸಿ, ಆಮೇಲೆ ಬೆಸುಗೆ ಹಾಕಿದೆ. ದುಭಾಷಿ ಕೆಲಸ ಮಾಡುವುದು ಬೋರ್ಡಿನೊಳಗೆ ಹಾಕುವ ಪ್ರೋಗ್ರಾಂ, ಅಂದರೆ ಫರ್ಮ್‌ವೇರ್; ನಾನು ಆರಿಸಿದ್ದು ಟಿಎಂಕೆ. ಅದಕ್ಕೆ ಕ್ಲಾಕ್ ಬೋರ್ಡಿನ 2ನೇ ಪಿನ್ನಿಗೆ, ಡೇಟಾ 3ನೇ ಪಿನ್ನಿಗೆ ಹೋಗಬೇಕು. ಬೋರ್ಡಿನ ರೀಸೆಟ್ ಮತ್ತು ಗ್ರೌಂಡ್ ಎರಡನ್ನೂ ಬೇಗ ಬೇಗ ಎರಡು ಸಲ ತಾಗಿಸಿದರೆ, ಫರ್ಮ್‌ವೇರ್ ಹಾಕಲು ಸುಮಾರು ಎಂಟು ಸೆಕೆಂಡ್ ಸಿಗುತ್ತದೆ. ಅದನ್ನು ಹಾಕುವ ಕಮಾಂಡನ್ನು ಕಂಪ್ಯೂಟರಿನಲ್ಲಿ ಮೊದಲೇ ಟೈಪ್ ಮಾಡಿಟ್ಟು, ತಾಗಿಸಿದ ಕೂಡಲೇ ಎಂಟರ್ ಒತ್ತಿ.

ಲ್ಯಾಪ್‌ಟಾಪಿಗೆ ಸಿಕ್ಕಿಸಿದೆ. ಬಲಗಡೆಯ ಮೂರೂ ದೀಪ ಒಮ್ಮೆ ಮಿನುಗಿದವು. ಎಷ್ಟೋ ವರ್ಷ ಅಟ್ಟದಲ್ಲಿದ್ದ ವಸ್ತು! ಖುಷಿಯಿಂದ ಮೊದಲು 'ಕನ್ನಡ' ಅಂತ ಹೊಡೆದೆ. ಬಂದಿದ್ದು 'ಕನನಡ'. 'ಅಮ್ಮ' ಹೊಡೆದರೆ 'ಅಮಮ'.

ವೈರಿಂಗ್ ತಪ್ಪಾಯ್ತೇನೋ ಅಂತ ಗಾಬರಿಯಾಗಿ ಮತ್ತೆ ಎಲ್ಲ ಅಳೆದೆ. ಸರಿಯಾಗೇ ಇತ್ತು. ಮಾಮನಿಗೆ ಫೋನ್ ಮಾಡಿದೆ. ಅವರು ತಕ್ಷಣ ಕೇಳಿದರು: "ಎಫ್ ಬೀಳ್ತಾ ಇದೆಯಾ ನೋಡು ಪುಟ್ಟ. ನಮ್ಮ ಕೆಲಸದಲ್ಲಿ ಅದೇ ಜಾಸ್ತಿ ಸವೆಯೋದು."

ಹೌದಲ್ವಾ! ಕೆ.ಪಿ. ರಾವ್ ಅವರು ರೂಪಿಸಿದ ಕನ್ನಡ ಕೀಲಿಮಣೆ ವಿನ್ಯಾಸದಲ್ಲಿ ಒತ್ತಕ್ಷರ ಬರಬೇಕಾದರೆ ನಡುವೆ ಎಫ್ ಒತ್ತಬೇಕು. 'ಕನ್ನಡ' ಅಂದರೆ ಕೆ, ಎನ್, ಎಫ್, ಎನ್, ಡಬ್ಲ್ಯು. ಎಫ್ ಒತ್ತಿ ನೋಡಿದರೆ 'ಟಕ್' ಇಲ್ಲ, ಸುಮ್ನೆ ಮೆತ್ತಗೆ ಕೆಳಗಿಳಿಯುತ್ತಿತ್ತು. ಕೀ ಕಿತ್ತು ನೋಡಿದೆ. ಸ್ಪ್ರಿಂಗ್ ಓರೆಯಾಗಿ ಒರಗಿತ್ತು. ಸ್ಪೇಸ್‌ಬಾರ್ ಮೇಲೆ ಬರುವ ಹಾಗೆ ಕೀಬೋರ್ಡನ್ನು ನೆಟ್ಟಗೆ ನಿಲ್ಲಿಸಿ, ಹಾಗೇ ಕೀಯನ್ನು ಒಳಗೆ ಒತ್ತಿದೆ. ಆಗ ಸ್ಪ್ರಿಂಗ್ ತನ್ನ ಜಾಗದಲ್ಲಿ ಕೂರುತ್ತದೆ. ಮೂರನೇ ಸಲಕ್ಕೆ 'ಟಕ್' ಅಂತು. ಅಮ್ಮನಿಗೆ ಅವಳ ಒತ್ತು ಸಿಕ್ಕಿತು.

ಇನ್ನೊಂದು ಕೊರತೆ ಇತ್ತು. 101 ಕೀಗಳಲ್ಲಿ ವಿಂಡೋಸ್ ಕೀ ಇಲ್ಲ. ನನ್ನ ಲ್ಯಾಪ್‌ಟಾಪಿನಲ್ಲಿರುವ ಉಬುಂಟು ಆಪರೇಟಿಂಗ್ ಸಿಸ್ಟಮ್ಮಿನಲ್ಲಿ ಕನ್ನಡ–ಇಂಗ್ಲಿಷ್ ಬದಲಾಯಿಸಲು ಅದು ಬೇಕೇ ಬೇಕು. ಕ್ಯಾಪ್ಸ್ ಲಾಕನ್ನೇ ವಿಂಡೋಸ್ ಕೀ ಆಗುವ ಹಾಗೆ ಫರ್ಮ್‌ವೇರ್‌ನಲ್ಲಿ ಬದಲಿಸಿದೆ. ಕನ್ನಡಕ್ಕೆ ಕ್ಯಾಪ್ಸ್ ಲಾಕಿನಿಂದ ಏನಾಗಬೇಕಿದೆ? ಇದನ್ನೆಲ್ಲ ನೀವೇ ಮಾಡಿಕೊಳ್ಳಬಹುದು ಅನ್ನೋದೇ ಸ್ವಂತ ಕನ್ವರ್ಟರಿನ ದೊಡ್ಡ ಲಾಭ.

ದೀಪಾವಳಿಗೆ ಮಾಮ ಮನೆಗೆ ಬಂದಾಗ ಕುರ್ಚಿ ಎಳೆದುಕೊಂಡು ಕೂತರು. ಕೈ ನೋಡದೇ ಒಂದು ಲಗ್ನಪತ್ರಿಕೆಯ ಒಕ್ಕಣೆ ಪೂರ್ತಿ ಹೊಡೆದರು. ಆಮೇಲೆ ಕೀಬೋರ್ಡನ್ನು ಕಿವಿ ಹತ್ತಿರ ಹಿಡಿದು ಅಲುಗಾಡಿಸಿದರು. ಒಳಗೆ ಚೂರುಗಳ ಸದ್ದು. ಒಳಗಿನ ಪದರಗಳನ್ನು ಹಿಡಿದಿಡುವ ಪ್ಲಾಸ್ಟಿಕ್ ರಿವೆಟ್‌ಗಳು ಮುರಿಯುತ್ತಿವೆ. ಅವುಗಳ ಜಾಗಕ್ಕೆ ಸಣ್ಣ ಬೋಲ್ಟು ಹಾಕಬೇಕು. ಬಿಚ್ಚಲು 5.5 ಮಿಮೀ ನಟ್ ಡ್ರೈವರ್ ಆಗಲೇ ತಂದಿಟ್ಟಿದ್ದೇನೆ.